ಸ್ವಿಚ್ಚಿನ ಆಜ್ಞೆ ಮತ್ತು ಅದರ ತಡೆಗಳು: ವಿದ್ಯುತ್ ಉಪಕೇಂದ್ರದ ನಿಯಂತ್ರಣ ಪದ್ಧತಿಯ ಐತಿಹಾಸಿಕ ವಿವೇಚನೆ

೧

ಬೆಳಗಾವಿ ಜಿಲ್ಲೆಯ ಸವದತ್ತಿ ತಾಲ್ಲೂಕಿಗೆ ಸೇರಿದ ಹೂಲಿಯು ಇತಿಹಾಸದ ಅಭ್ಯಾಸಿಗಳಿಗೆ ಅಪರಿಚಿತವಾದ ಊರಲ್ಲ. ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳಲ್ಲಿ ಪೂಲಿ ಎಂಬ ಹೆಸರಿನಿಂದ ಕಾಣಿಸಿಕೊಳ್ಳುವ ಈ ಊರು ಸಾವಿರ ಮಂದಿ ಮಹಾಜನರ ಅಗ್ರಹಾರವಾಗಿ ಪ್ರಸಿದ್ಧವಾಗಿದ್ದಿತು. ಅಲ್ಲಿಯ ಪಂಚಲಿಂಗೇಶ್ವರ ದೇವಾಲಯವು ಇಂದಿಗೂ ಆ ಕಾಲದ ಶಿಲ್ಪಕ್ಕೆ ಸಾಕ್ಷಿಯಾಗಿ ನಿಂತಿದೆ. ಶಾಸನ, ದೇವಾಲಯ, ದಾನದತ್ತಿ ಇವುಗಳೇ ಇಂಥ ಊರುಗಳ ಚರಿತ್ರೆಗೆ ಆಧಾರಗಳೆಂದು ನಾವು ವಾಡಿಕೆಯಾಗಿ ಭಾವಿಸುತ್ತೇವೆ. ಆದರೆ ಕಳೆದ ನೂರು ವರ್ಷಗಳಲ್ಲಿ ಹಳ್ಳಿಯ ಬಾಳನ್ನು ಮಿಕ್ಕೆಲ್ಲಕ್ಕಿಂತಲೂ ಹೆಚ್ಚಾಗಿ ಮಾರ್ಪಡಿಸಿದ ಸಂಗತಿಗಳಲ್ಲಿ ವಿದ್ಯುತ್ತು ಒಂದು. ಅದಕ್ಕೂ ಒಂದು ಚರಿತ್ರೆಯುಂಟು. ಅದರ ಉಪಕರಣಗಳಿಗೂ ಒಂದೊಂದು ವಂಶಾವಳಿಯುಂಟು. ಈ ವಂಶಾವಳಿಯನ್ನು ಯಂತ್ರಶಾಸ್ತ್ರಜ್ಞರಿಗೆ ಮಾತ್ರ ಬಿಟ್ಟುಕೊಡುವುದು ಇತಿಹಾಸದ ವಿದ್ಯಾರ್ಥಿಗಳಿಗೆ ತಕ್ಕುದಲ್ಲ.

ಪ್ರಸ್ತುತ ಲೇಖನದಲ್ಲಿ ಅಂಥ ಒಂದು ವಿಷಯವನ್ನು ಮಾತ್ರ ಪರಿಶೀಲಿಸಲಾಗಿದೆ. ವಿದ್ಯುತ್ ಉಪಕೇಂದ್ರದಲ್ಲಿರುವ ದೊಡ್ಡ ಸ್ವಿಚ್ಚುಗಳನ್ನು ಈಗ ಅನೇಕ ಕಡೆಗಳಲ್ಲಿ ಕೈಯಿಂದ ಚಲಾಯಿಸುವುದಿಲ್ಲ. ಗಣಕಯಂತ್ರವು ಆಜ್ಞೆಯನ್ನು ಸ್ವೀಕರಿಸಿ ಚಲಾಯಿಸುತ್ತದೆ. ಹೀಗಿರುವಾಗ, ದೂರದಲ್ಲಿ ಕುಳಿತ ಒಬ್ಬನು ತನ್ನ ಕಣ್ಣಿಗೆ ಕಾಣದ ಸ್ವಿಚ್ಚನ್ನು ಮತ್ತೊಬ್ಬನ ಪ್ರಾಣಕ್ಕೆ ಕುತ್ತು ಬಾರದಂತೆ ಹೇಗೆ ಚಲಾಯಿಸಬಲ್ಲನು? ಈ ಪ್ರಶ್ನೆಗೆ ಗಣಕಯಂತ್ರವು ಕೊಡುವ ಉತ್ತರದಲ್ಲಿ ಹೊಸದೆಷ್ಟು, ಹಳೆಯದೆಷ್ಟು? ಆ ಉತ್ತರವು ಎಲ್ಲಿಯವರೆಗೆ ಸಾಲುತ್ತದೆ, ಎಲ್ಲಿ ಸಾಲದೆ ಹೋಗುತ್ತದೆ? ಈ ಮೂರು ಅಂಶಗಳನ್ನು ಕ್ರಮವಾಗಿ ನೋಡೋಣ.

೨

ನೀರಿನ ಬಲವನ್ನು ಯಂತ್ರಕ್ಕೆ ಹೂಡುವ ಕಾರ್ಯವು ಬೆಳಗಾವಿ ಸೀಮೆಯಲ್ಲಿ ಬಹಳ ಹಿಂದೆಯೇ ಮೊದಲಾಯಿತು. ಗೋಕಾಕದಲ್ಲಿ ಘಟಪ್ರಭೆಯ ಜಲಪಾತದ ಬಲದಿಂದ ೧೮೮೭ರಲ್ಲಿ ಹತ್ತಿಯ ಗಿರಣಿಯು ನಡೆಯಲಾರಂಭಿಸಿತು. ಆದರೆ ಅಲ್ಲಿ ಬಲವು ಹುಟ್ಟುತ್ತಿದ್ದ ಸ್ಥಳಕ್ಕೂ ಅದು ಬಳಕೆಯಾಗುತ್ತಿದ್ದ ಸ್ಥಳಕ್ಕೂ ಹೆಚ್ಚಿನ ಅಂತರವಿರಲಿಲ್ಲ. ಯಂತ್ರವನ್ನು ನಿಲ್ಲಿಸುವವನಿಗೆ ಅದು ನಿಂತುದು ಅಲ್ಲಿಯೇ ತಿಳಿಯುತ್ತಿದ್ದಿತು.

೧೯೦೨ರ ಜೂನ್ ೩೦ರಂದು ಮೈಸೂರು ಸಂಸ್ಥಾನದ ಶಿವನಸಮುದ್ರದಲ್ಲಿ ಉತ್ಪನ್ನವಾದ ವಿದ್ಯುತ್ತು ಸುಮಾರು ೧೪೭ ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿದಾಗ ಈ ಪರಿಸ್ಥಿತಿ ಬದಲಾಯಿತು. ೧೯೦೫ರಲ್ಲಿ ಬೆಂಗಳೂರಿಗೂ ದೀಪಗಳು ಬಂದುವು. ಆ ಕಾಲದಲ್ಲಿ ಜನರು ದೂರ ಪ್ರಸಾರದ ಅದ್ಭುತವನ್ನು ಕೊಂಡಾಡಿದರು, ಅದು ಯುಕ್ತವೇ. ಆದರೆ ನಮ್ಮ ದೃಷ್ಟಿಯಿಂದ ಮುಖ್ಯವಾದ ಅಂಶ ಬೇರೆಯೊಂದಿದೆ. ಸ್ವಿಚ್ಚನ್ನು ಒತ್ತುವ ಸ್ಥಳವೂ ಅದರ ಪರಿಣಾಮವು ಕಾಣುವ ಸ್ಥಳವೂ ಅಂದಿನಿಂದ ಬೇರೆ ಬೇರೆಯಾದುವು. ಒಂದು ತುದಿಯಲ್ಲಿ ಒಬ್ಬನು ಕೈಯಾಡಿಸಿದರೆ ಅನೇಕ ಮೈಲಿಗಳಾಚೆ ಕಂಬದ ಮೇಲಿದ್ದವನು ಅದರ ಫಲವನ್ನು ಅನುಭವಿಸಬೇಕಾದ ಸ್ಥಿತಿ ಒದಗಿತು. ಮುಂದೆ ನಾವು ನೋಡಲಿರುವ ಎಲ್ಲ ತಡೆಗಳೂ ಈ ಅಗಲಿಕೆಯಿಂದ ಹುಟ್ಟಿದುವು.

೧೯೫೬ರ ನವೆಂಬರ್ ೧ರಂದು ಬೆಳಗಾವಿ ಜಿಲ್ಲೆಯು ಮುಂಬಯಿ ಪ್ರಾಂತದಿಂದ ವಿಶಾಲ ಮೈಸೂರು ರಾಜ್ಯಕ್ಕೆ ಸೇರಿತು. ೧೯೫೭ರಲ್ಲಿ ರಾಜ್ಯದ ವಿದ್ಯುಚ್ಛಕ್ತಿ ಮಂಡಲಿಯು ಸ್ಥಾಪಿತವಾಯಿತು. ೧೯೬೪–೬೫ರಿಂದ ಶರಾವತಿಯ ವಿದ್ಯುತ್ತು ರಾಜ್ಯದ ಜಾಲಕ್ಕೆ ಹರಿಯತೊಡಗಿತು. ೧೯೯೯ರಲ್ಲಿ ಮಂಡಲಿಯ ಸ್ಥಾನದಲ್ಲಿ ಕರ್ನಾಟಕ ವಿದ್ಯುತ್ ಪ್ರಸರಣ ನಿಗಮವೂ, ೨೦೦೨ರಲ್ಲಿ ವಿತರಣೆಯ ಕಾರ್ಯಕ್ಕಾಗಿ ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿ, ಅಂದರೆ ಹೆಸ್ಕಾಂ, ಸಂಸ್ಥೆಯೂ ಅಸ್ತಿತ್ವಕ್ಕೆ ಬಂದುವು. ಬೆಳಗಾವಿಯೂ ಸೇರಿದಂತೆ ಏಳು ಜಿಲ್ಲೆಗಳು ಹೆಸ್ಕಾಂ ಆಡಳಿತಕ್ಕೆ ಒಳಪಟ್ಟಿವೆ. ಹೀಗೆ ಹೂಲಿಯ ಒಂದು ಮನೆಯ ದೀಪಕ್ಕೂ ಘಟ್ಟದ ಜಲವಿದ್ಯುತ್ ಕೇಂದ್ರಕ್ಕೂ ನಡುವೆ ಅನೇಕ ಉಪಕೇಂದ್ರಗಳೂ ಅವುಗಳಲ್ಲಿ ಅಸಂಖ್ಯ ಸ್ವಿಚ್ಚುಗಳೂ ಬಂದು ನಿಂತುವು.

೩

ಮುಂದಿನ ವಿಚಾರವು ಸ್ಪಷ್ಟವಾಗಬೇಕಾದರೆ ಈ ಸ್ವಿಚ್ಚುಗಳಲ್ಲಿ ಮೂರು ಬಗೆಗಳಿವೆಯೆಂಬುದನ್ನು ತಿಳಿದಿರಬೇಕು.

ಮೊದಲನೆಯದು ಬ್ರೇಕರ್. ಇದು ಹರಿಯುತ್ತಿರುವ ವಿದ್ಯುತ್ತನ್ನು ಕಡಿಯಬಲ್ಲುದು. ಉನ್ನತ ವೋಲ್ಟಿನ ಪ್ರವಾಹವನ್ನು ಕಡಿಯುವಾಗ ಎರಡು ಸಂಪರ್ಕಗಳ ನಡುವೆ ಉರಿಯ ಜ್ವಾಲೆ ಏಳುತ್ತದೆ. ಅದನ್ನು ಆರಿಸುವುದೇ ಬ್ರೇಕರಿನ ವಿಶೇಷ. ಹಿಂದೆ ಇದಕ್ಕೆ ಎಣ್ಣೆಯನ್ನೂ ಒತ್ತಡದ ಗಾಳಿಯನ್ನೂ ಬಳಸುತ್ತಿದ್ದರು. ಈಗ ಬಹುಮಟ್ಟಿಗೆ ನಿರ್ವಾತವನ್ನು ಅಥವಾ ಸಲ್ಫರ್ ಹೆಕ್ಸಾಫ್ಲೋರೈಡ್ ಅನಿಲವನ್ನು ಬಳಸುತ್ತಾರೆ. ಒಳ್ಳೆಯ ಬ್ರೇಕರು ದೋಷಪ್ರವಾಹವನ್ನು ಒಂದು ಸೆಕೆಂಡಿನ ಹತ್ತನೆಯ ಒಂದು ಭಾಗದೊಳಗಾಗಿ ಕಡಿಯುತ್ತದೆ.

ಎರಡನೆಯದು ಐಸೋಲೇಟರ್. ಇದಕ್ಕೆ ಜ್ವಾಲೆಯನ್ನು ಆರಿಸುವ ಶಕ್ತಿಯಿಲ್ಲ. ತೆರೆದ ಬಯಲಿನಲ್ಲಿ ಕಣ್ಣಿಗೆ ಕಾಣುವಂಥ ಅಂತರವನ್ನು ಉಂಟುಮಾಡುವುದೇ ಇದರ ಕೆಲಸ. ಪ್ರವಾಹವಿರುವಾಗ ಇದನ್ನು ತೆರೆದರೆ ಜ್ವಾಲೆಯು ಹಬ್ಬಿ ಸಲಕರಣೆಗಳನ್ನೂ ಸಮೀಪದಲ್ಲಿದ್ದವನನ್ನೂ ಸುಡುವುದು.

ಮೂರನೆಯದು ಅರ್ತ್ ಸ್ವಿಚ್. ಇದು ಸತ್ತ ತಂತಿಯನ್ನು ನೆಲಕ್ಕೆ ಕಟ್ಟುತ್ತದೆ. ತಪ್ಪಿ ಎಲ್ಲಿಂದಲಾದರೂ ವಿದ್ಯುತ್ತು ಬಂದರೂ ಅದು ಮನುಷ್ಯನ ಮೈಯನ್ನು ಹಿಡಿಯದೆ ಭೂಮಿಗೆ ಇಳಿದುಹೋಗಲೆಂಬುದು ಇದರ ಉದ್ದೇಶ. ಆದರೆ ಜೀವಂತ ತಂತಿಯ ಮೇಲೆ ಇದನ್ನು ಹಾಕಿದರೆ ಅದೇ ದೊಡ್ಡ ಅಪಘಾತವಾಗುವುದು.

ಆದುದರಿಂದ ಮಾರ್ಗವನ್ನು ದುರಸ್ತಿಗೆ ಬಿಡುವಾಗ ಮೊದಲು ಬ್ರೇಕರನ್ನು, ಬಳಿಕ ಐಸೋಲೇಟರನ್ನು ತೆರೆದು, ಕೊನೆಗೆ ಅರ್ತ್ ಸ್ವಿಚ್ಚನ್ನು ಹಾಕಬೇಕು. ಮರಳಿ ಚಾಲನೆಗೆ ತರುವಾಗ ಈ ಅನುಕ್ರಮವನ್ನು ತಿರುಗಿಸಬೇಕು. ಮೂರೇ ಕ್ರಿಯೆಗಳು, ಆದರೆ ಅವುಗಳ ಕ್ರಮ ತಪ್ಪಿದರೆ ಸಾವು. ಮೇಲಾಗಿ ಒಂದೇ ಅಂಗಳದಲ್ಲಿ ಒಂದೇ ತೆರನಾದ ಹತ್ತಾರು ಐಸೋಲೇಟರುಗಳು ಸಾಲಾಗಿ ನಿಂತಿರುತ್ತವೆ. ಕ್ರಮವು ಸರಿಯಾಗಿದ್ದರೂ ಸಾಲು ತಪ್ಪಿದರೆ ಅದೂ ಸಾವೇ. ತಪ್ಪುಗಳು ಈ ಎರಡು ಬಗೆಯವು: ಕ್ರಮದ ತಪ್ಪು ಮತ್ತು ಗುರುತಿನ ತಪ್ಪು.

೪

ಕ್ರಮದ ತಪ್ಪನ್ನು ತಡೆಯುವ ವಿದ್ಯೆಯನ್ನು ವಿದ್ಯುತ್ ಶಾಸ್ತ್ರಜ್ಞರು ತಾವಾಗಿ ಕಂಡುಹಿಡಿಯಲಿಲ್ಲ. ಅವರಿಗಿಂತ ಮೊದಲೇ ರೈಲ್ವೆಯವರು ಅದನ್ನು ಸಾಧಿಸಿದ್ದರು. ಇಂಗ್ಲೆಂಡಿನ ಜಾನ್ ಸ್ಯಾಕ್ಸ್‌ಬಿ ಎಂಬಾತನು ೧೮೫೬ರಲ್ಲಿ ಹಳಿಗಳ ಕೂಡುವೆಗಳನ್ನೂ ಸಿಗ್ನಲುಗಳನ್ನೂ ಒಂದಕ್ಕೊಂದು ತಗುಲಿಸಿ ಚಲಾಯಿಸುವ ಏರ್ಪಾಟಿಗೆ ಪೇಟೆಂಟು ಪಡೆದನು. ಹಳಿಯು ಒಂದು ಕಡೆಗೆ ತಿರುಗಿರುವಾಗ ಅದಕ್ಕೆ ವಿರುದ್ಧವಾದ ಸಿಗ್ನಲಿನ ಸನ್ನೆಯನ್ನು ಎಷ್ಟು ಎಳೆದರೂ ಅದು ಬಾರದು; ಕಬ್ಬಿಣವೇ ಅಡ್ಡ ನಿಲ್ಲುತ್ತದೆ. ೧೮೮೯ರ ಜೂನ್ ೧೨ರಂದು ಐರ್ಲೆಂಡಿನ ಆರ್ಮಾ ಎಂಬಲ್ಲಿ ನಡೆದ ರೈಲು ದುರಂತದಲ್ಲಿ ಸುಮಾರು ೮೦ ಮಂದಿ ಮಡಿದರು. ಅದೇ ವರ್ಷ ಬ್ರಿಟಿಷ್ ಸಂಸತ್ತು ಅಂಗೀಕರಿಸಿದ ಶಾಸನವು ಪ್ರಯಾಣಿಕರ ರೈಲುಮಾರ್ಗಗಳಲ್ಲಿ ಈ ಪರಸ್ಪರ ಬಂಧನವನ್ನು ಕಡ್ಡಾಯಗೊಳಿಸಲು ಅವಕಾಶ ಮಾಡಿಕೊಟ್ಟಿತು. ಇದನ್ನೇ ಇಂಟರ್‌ಲಾಕ್ ಎನ್ನುತ್ತಾರೆ. ಒಬ್ಬ ನೌಕರನ ಎಚ್ಚರಿಕೆಯನ್ನು ಲೋಹದ ಆಕಾರಕ್ಕೆ ಇಳಿಸಿದುದು ಇದರ ಸಾರಾಂಶ.

ವಿದ್ಯುತ್ ಉಪಕೇಂದ್ರಗಳಲ್ಲಿ ಇದೇ ಭಾವನೆಯು ಬೀಗದ ಕೈಯ ರೂಪವನ್ನು ತಾಳಿತು. ಬ್ರೇಕರನ್ನು ತೆರೆದು ಬೀಗ ಹಾಕಿದ ಹೊರತು ಅದರಲ್ಲಿರುವ ಕೀಲಿಯು ಹೊರಕ್ಕೆ ಬಾರದು. ಆ ಕೀಲಿಯಿಲ್ಲದೆ ಐಸೋಲೇಟರಿನ ಬೀಗ ತೆಗೆಯದು. ಐಸೋಲೇಟರು ತೆರೆದು ನಿಂತ ಮೇಲೆ ಅಲ್ಲಿಂದ ಬರುವ ಎರಡನೆಯ ಕೀಲಿಯೇ ಅರ್ತ್ ಸ್ವಿಚ್ಚಿಗೆ ಬೇಕು. ಕೀಲಿಯು ಒಂದೇ ಆಗಿರುವುದರಿಂದ ಅದು ಏಕಕಾಲದಲ್ಲಿ ಎರಡು ಕಡೆ ಇರಲಾರದು. ತರ್ಕಶಾಸ್ತ್ರದ ಒಂದು ಸರಳ ಸತ್ಯವು ಇಲ್ಲಿ ಪ್ರಾಣರಕ್ಷಣೆಯ ಸಾಧನವಾಗಿದೆ.

ರೈಲ್ವೆಗೂ ವಿದ್ಯುತ್ತಿಗೂ ಇರುವ ಈ ಬಾಂಧವ್ಯವನ್ನು ನಮ್ಮ ನಾಡಿನ ಮಾತಿನಲ್ಲಿಯೂ ಗುರುತಿಸಬಹುದು. ರೈಲ್ವೆ ಸ್ಟೇಶನ್ನುಗಳಲ್ಲಿ 'ಲೈನ್ ಕ್ಲಿಯರ್' ಎಂಬ ಮಾತು ಬಹುಕಾಲದಿಂದ ಪ್ರಚಾರದಲ್ಲಿದೆ. ಮುಂದಿನ ಸ್ಟೇಶನ್ನಿನವರೆಗೆ ಹಳಿ ತೆರವಾಗಿದೆ, ಗಾಡಿಯನ್ನು ಬಿಡಬಹುದು ಎಂಬುದು ಅದರ ಅರ್ಥ. ವಿದ್ಯುತ್ ಇಲಾಖೆಯ ಮಾರ್ಗದಾಳುಗಳೂ ಅದೇ ಮಾತನ್ನು ಬಳಸುತ್ತಾರೆ. ಕಂಬವನ್ನು ಏರುವ ಮೊದಲು ಅವರು 'ಎಲ್.ಸಿ.' ಪಡೆಯಬೇಕು. ಇಲ್ಲಿ ಅದರ ಅರ್ಥ ತಿರುಗಿದೆ: ಮಾರ್ಗದಿಂದ ವಿದ್ಯುತ್ತನ್ನು ತೆಗೆಯಲಾಗಿದೆ, ಮನುಷ್ಯನು ಏರಬಹುದು. ಅಲ್ಲಿ ತೆರವಾದ ದಾರಿಯಲ್ಲಿ ಯಂತ್ರವು ಬರುತ್ತದೆ. ಇಲ್ಲಿ ತೆರವಾದ ದಾರಿಗೆ ಮನುಷ್ಯನು ಹೋಗುತ್ತಾನೆ. ಎರಡು ಕಡೆಗಳಲ್ಲಿಯೂ ಒಬ್ಬನು ಕೊಟ್ಟ ಮಾತನ್ನು ನಂಬಿ ಮತ್ತೊಬ್ಬನು ಮುಂದುವರಿಯುತ್ತಾನೆ ಎಂಬುದು ಮಾತ್ರ ಸಮಾನವಾಗಿದೆ.

ಗುರುತಿನ ತಪ್ಪನ್ನು ತಡೆಯಲು ಬಳಕೆಗೆ ಬಂದ ಉಪಾಯವು ಇನ್ನೂ ಸರಳವಾದುದು. ಟೆಲಿಫೋನಿನ ಮೂಲಕ ಬಂದ ಆಜ್ಞೆಯನ್ನು ಕೇಳಿದ ಆಪರೇಟರನು ಕೂಡಲೆ ಅದನ್ನು ನೆರವೇರಿಸಕೂಡದು. ಮಾರ್ಗದ ಹೆಸರನ್ನೂ ಸ್ವಿಚ್ಚಿನ ಸಂಖ್ಯೆಯನ್ನೂ ತಾನು ತಿರುಗಿ ಹೇಳಬೇಕು. ಆಜ್ಞೆ ಕೊಟ್ಟವನು 'ಸರಿ' ಎಂದ ಬಳಿಕ ಲಾಗ್ ಪುಸ್ತಕದಲ್ಲಿ ವೇಳೆಯನ್ನು ಬರೆದು ಸ್ವಿಚ್ಚಿನ ಬಳಿಗೆ ಹೋಗಬೇಕು. ಕೆಲಸವಾದ ಮೇಲೆ ಮತ್ತೆ ವರದಿ ಕೊಡಬೇಕು. ಹೇಳುವುದು, ತಿರುಗಿ ಹೇಳುವುದು, ಒಪ್ಪುವುದು, ಮಾಡುವುದು, ಮಾಡಿದೆನೆಂದು ತಿಳಿಸುವುದು ಎಂಬ ಈ ಐದು ಹೆಜ್ಜೆಗಳನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಇವೇ ಬೇರೆ ವೇಷದಲ್ಲಿ ಕಾಣಿಸಿಕೊಳ್ಳುತ್ತವೆ.

೫

ಒಂದು ಕೇಂದ್ರದಿಂದ ಅನೇಕ ಉಪಕೇಂದ್ರಗಳ ಸ್ವಿಚ್ಚುಗಳನ್ನು ತಂತಿಯ ಮೂಲಕ ಚಲಾಯಿಸುವ ಪದ್ಧತಿಯು ೧೯೨೦ರ ದಶಕದಲ್ಲಿ ಪಾಶ್ಚಾತ್ಯ ದೇಶಗಳಲ್ಲಿ ಬೆಳೆಯಿತು. ಸ್ವಯಂಚಾಲಿತ ಟೆಲಿಫೋನ್ ವಿನಿಮಯ ಕೇಂದ್ರಗಳಿಗಾಗಿ ತಯಾರಾದ ರಿಲೇಗಳೇ ಇದಕ್ಕೂ ಒದಗಿಬಂದುವು. ಪ್ರತಿಯೊಂದು ಸ್ವಿಚ್ಚಿಗೂ ಒಂದು ಸಂಖ್ಯೆ. ಆ ಸಂಖ್ಯೆಯನ್ನು ಮಿಡಿತಗಳ ರೂಪದಲ್ಲಿ ಕಳುಹಿಸಿದರೆ ದೂರದ ರಿಲೇಯು ಎದ್ದು ನಿಲ್ಲುವುದು. ಆದರೆ ದಾರಿಯಲ್ಲಿ ಒಂದು ಮಿಡಿತವು ಕಳೆದುಹೋದರೆ ೨೩ನೆಯ ಸ್ವಿಚ್ಚಿಗೆ ಹೋಗಬೇಕಾದ ಕರೆಯು ೨೨ನೆಯದಕ್ಕೆ ಹೋಗುವುದು. ಇಂಥ ಗಂಡಾಂತರವನ್ನು ತಪ್ಪಿಸಲು ಅಂದಿನವರು ಆಜ್ಞೆಯನ್ನು ಎರಡಾಗಿ ಸೀಳಿದರು. ಮೊದಲಿನ ಕರೆಯಿಂದ ಸ್ವಿಚ್ಚು ಚಲಿಸದು. ಅದು ತನ್ನ ಸಂಖ್ಯೆಯನ್ನು ತಾನೇ ತಿರುಗಿ ಕಳುಹಿಸುತ್ತದೆ, ಮತ್ತು ಕೇಂದ್ರದ ಹಲಗೆಯ ಮೇಲೆ ಅದರ ದೀಪ ಹೊತ್ತುತ್ತದೆ. ತಾನು ಕರೆದುದೂ ಎದ್ದು ನಿಂತುದೂ ಒಂದೇ ಎಂದು ಕಂಡುಕೊಂಡ ಮೇಲೆಯೇ ಆಪರೇಟರನು ಎರಡನೆಯ ಆಜ್ಞೆಯನ್ನು ಕೊಡುತ್ತಾನೆ. ಟೆಲಿಫೋನಿನಲ್ಲಿ ಮನುಷ್ಯನು ಹೇಳುತ್ತಿದ್ದ ಮರುನುಡಿಯನ್ನು ಇಲ್ಲಿ ರಿಲೇಯು ಹೇಳುತ್ತದೆ. 'ಮೊದಲು ಆಯ್ಕೆ, ಆಮೇಲೆ ಕ್ರಿಯೆ' ಎಂಬ ಇಂದಿನ ನಿಯಮಕ್ಕೆ ಇದೇ ಮೂಲ.

೧೯೬೦ರ ದಶಕದಿಂದೀಚೆಗೆ ನಿಯಂತ್ರಣ ಕೇಂದ್ರಗಳಿಗೆ ಗಣಕಯಂತ್ರಗಳು ಪ್ರವೇಶಿಸಿದುವು. ೧೯೭೧ರಲ್ಲಿ ಬಂದ ಮೈಕ್ರೋಪ್ರೊಸೆಸರು ಅವುಗಳನ್ನು ಉಪಕೇಂದ್ರದ ಪೆಟ್ಟಿಗೆಯೊಳಕ್ಕೆ ಇಳಿಸಿತು. ಆಗ ಒಂದೊಂದು ತಯಾರಕನ ಯಂತ್ರವೂ ಒಂದೊಂದು ಭಾಷೆಯನ್ನು ಆಡುತ್ತಿದ್ದುದರಿಂದ ತೊಡಕುಂಟಾಯಿತು. ೧೯೦೬ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗವು ೧೯೯೫ರಲ್ಲಿ ೬೦೮೭೦–೫–೧೦೧ ಎಂಬ ಮಾನಕವನ್ನೂ, ೨೦೦೩ರಿಂದ ೨೦೦೫ರ ಅವಧಿಯಲ್ಲಿ ೬೧೮೫೦ ಎಂಬ ಮಾನಕದ ಮೊದಲ ಆವೃತ್ತಿಯನ್ನೂ ಪ್ರಕಟಿಸಿ ಈ ಸಂಭಾಷಣೆಗೆ ವ್ಯಾಕರಣವನ್ನು ರಚಿಸಿತು. ಮೊದಲಿನ ಮಾನಕದಲ್ಲಿ ಪ್ರತಿಯೊಂದು ಆಜ್ಞೆಯೊಡನೆ ಒಂದು ಚಿಹ್ನೆಯಿರುತ್ತದೆ. ಇದು ಆಯ್ಕೆಯೋ ಕ್ರಿಯೆಯೋ ಎಂಬುದನ್ನು ಅದು ತಿಳಿಸುತ್ತದೆ. ಎರಡನೆಯದರಲ್ಲಿ ಇಂಟರ್‌ಲಾಕಿಗೆಂದೇ ಒಂದು ಪ್ರತ್ಯೇಕ ತಾರ್ಕಿಕ ಘಟಕವಿದೆ. 'ತೆರೆಯಲು ಅನುಮತಿಯುಂಟೆ?' 'ಮುಚ್ಚಲು ಅನುಮತಿಯುಂಟೆ?' ಎಂಬ ಎರಡೇ ಪ್ರಶ್ನೆಗಳಿಗೆ ಅದು ಉತ್ತರ ಕೊಡುತ್ತದೆ. ಹಳೆಯ ಬೀಗದ ಕೀಲಿಯೇ ಇಲ್ಲಿ ಎರಡು ಅಕ್ಷರಗಳಷ್ಟಕ್ಕೆ ಕರಗಿದೆ ಎನ್ನಬಹುದು.

೬

ಇನ್ನು ಇಂದಿನ ಉಪಕೇಂದ್ರದೊಳಗೆ ಒಂದು ಆಜ್ಞೆಯು ಹೇಗೆ ಸಾಗುತ್ತದೆಂಬುದನ್ನು ನೋಡೋಣ. ೧೧೦ ಕಿಲೋವೋಲ್ಟಿನ ಒಂದು ಮಾರ್ಗದ ಬ್ರೇಕರನ್ನು ದೂರದ ಕೇಂದ್ರದಿಂದ ಮುಚ್ಚಬೇಕಾಗಿದೆ ಎಂದಿಟ್ಟುಕೊಳ್ಳೋಣ.

ಮೊತ್ತಮೊದಲಿಗೆ ಸ್ಥಳದಲ್ಲಿರುವ 'ಲೋಕಲ್–ರಿಮೋಟ್' ಸ್ವಿಚ್ಚು ಯಾವ ಕಡೆಗಿದೆಯೆಂಬುದನ್ನು ಗಣಕವು ನೋಡುತ್ತದೆ. ಅಂಗಳದಲ್ಲಿ ಕೆಲಸ ಮಾಡುವವನು ಅದನ್ನು 'ಲೋಕಲ್' ಕಡೆಗೆ ತಿರುಗಿಸಿ ಹೋಗಿದ್ದರೆ ದೂರದ ಆಜ್ಞೆಯು ಅಲ್ಲಿಗೇ ನಿಲ್ಲುತ್ತದೆ. ಸಮೀಪದಲ್ಲಿದ್ದವನ ಅಧಿಕಾರವು ದೂರದವನ ಅಧಿಕಾರಕ್ಕಿಂತ ಮೇಲು ಎಂಬುದು ಇಲ್ಲಿಯ ಮೊದಲ ನೀತಿ.

ಎರಡನೆಯದಾಗಿ ಆಯ್ಕೆ. ಬ್ರೇಕರನ್ನು ಒಬ್ಬನು ಆರಿಸಿದ ಕೂಡಲೆ ಅದು ಆತನಿಗೇ ಮೀಸಲಾಗುತ್ತದೆ. ಬೇರೊಬ್ಬನ ಆಜ್ಞೆಯನ್ನು ಆಗ ತಿರಸ್ಕರಿಸುತ್ತದೆ. ಈ ಮೀಸಲಿಗೆ ಅಲ್ಪ ಅವಧಿಯುಂಟು. ಆ ಅವಧಿಯೊಳಗೆ ಎರಡನೆಯ ಆಜ್ಞೆ ಬಾರದಿದ್ದರೆ ಆಯ್ಕೆಯು ತಾನಾಗಿ ರದ್ದಾಗುತ್ತದೆ. ಆರಿಸಿ ಎದ್ದು ಹೋದವನ ಆಜ್ಞೆಯು ಅರ್ಧ ಗಂಟೆಯ ಮೇಲೆ ಜೀವ ತಳೆಯಬಾರದಷ್ಟೆ.

ಮೂರನೆಯದಾಗಿ ಪರಿಶೀಲನೆ. ಅರ್ತ್ ಸ್ವಿಚ್ಚು ತೆರೆದಿದೆಯೆ? ಐಸೋಲೇಟರುಗಳು ಪೂರ್ತಿಯಾಗಿ ಕೂಡಿವೆಯೆ, ನಡುದಾರಿಯಲ್ಲಿವೆಯೆ? ಬ್ರೇಕರಿನ ಅನಿಲದ ಒತ್ತಡವು ಸಾಕಷ್ಟಿದೆಯೆ? ಎರಡು ಬದಿಗಳಲ್ಲಿಯೂ ವಿದ್ಯುತ್ತಿದ್ದರೆ ಅವುಗಳ ವೋಲ್ಟು, ಆವರ್ತನ, ಹಂತದ ಕೋನ ಇವು ಹೊಂದಿಕೊಂಡಿವೆಯೆ? ಈ ಕೊನೆಯ ಪರೀಕ್ಷೆಯ ಮಹತ್ವವು ೨೦೧೩ರ ಡಿಸೆಂಬರ್ ೩೧ರಂದು ಪ್ರತ್ಯಕ್ಷವಾಯಿತು. ಅಂದು ರಾಯಚೂರು–ಸೋಲಾಪುರ ನಡುವಣ ೭೬೫ ಕಿಲೋವೋಲ್ಟಿನ ಮಾರ್ಗದ ಮೂಲಕ ದಕ್ಷಿಣದ ಜಾಲವು ದೇಶದ ಉಳಿದ ಜಾಲದೊಡನೆ ಒಂದೇ ಆವರ್ತನದಲ್ಲಿ ಕೂಡಿಕೊಂಡಿತು. ಎರಡು ಬೃಹತ್ ಜಾಲಗಳು ಲಯ ತಪ್ಪಿದಾಗ ಬ್ರೇಕರನ್ನು ಮುಚ್ಚಿದ್ದರೆ ಉಂಟಾಗುವ ಆಘಾತವನ್ನು ಯಾವ ಯಂತ್ರವೂ ತಾಳಲಾರದು.

ನಾಲ್ಕನೆಯದಾಗಿ ಮರುನುಡಿ ಮತ್ತು ಕ್ರಿಯೆ. ಪರಿಶೀಲನೆಯು ಸರಿಯಾದರೆ ಆಯ್ಕೆ ಅಂಗೀಕೃತವಾಯಿತೆಂಬ ಉತ್ತರವು ಆಪರೇಟರನಿಗೆ ಹೋಗುತ್ತದೆ. ಆತನು ಎರಡನೆಯ ಸಲ ಆಜ್ಞೆ ಕೊಡುತ್ತಾನೆ. ಗಣಕವು ಆಗಲೂ ತನ್ನನ್ನು ತಾನು ನಂಬುವುದಿಲ್ಲ. ಅನೇಕ ಯಂತ್ರಗಳಲ್ಲಿ, ಹೊರಹೋಗುವ ರಿಲೇಗಳ ಪೈಕಿ ಒಂದೇ ಒಂದು ಎದ್ದಿದೆಯೆ ಎಂಬುದನ್ನು ಅಳೆದು ನೋಡಿದ ಮೇಲೆಯೇ ಸುರುಳಿಗೆ ವಿದ್ಯುತ್ತನ್ನು ಬಿಡುವ ಏರ್ಪಾಟಿದೆ. ಸುರುಳಿಯ ಎರಡು ತುದಿಗಳನ್ನೂ ಪ್ರತ್ಯೇಕ ಸಂಪರ್ಕಗಳ ಮೂಲಕ ಕೂಡಿಸುವುದರಿಂದ ಒಂದು ಸಂಪರ್ಕವು ಕೆಟ್ಟು ಅಂಟಿಕೊಂಡರೂ ಬ್ರೇಕರು ತಾನಾಗಿ ಚಲಿಸದು. ಆಜ್ಞೆಯ ಮಿಡಿತಕ್ಕೆ ನಿಯತ ಅವಧಿಯುಂಟು. ದೋಷವಿರುವ ಮಾರ್ಗದ ಮೇಲೆ ಬ್ರೇಕರು ಮುಚ್ಚಿ ಕೂಡಲೆ ಟ್ರಿಪ್ ಆದರೆ, ಅದೇ ಆಜ್ಞೆಯ ಬಲದಿಂದ ಅದು ಮತ್ತೆ ಮತ್ತೆ ಮುಚ್ಚದಂತೆ ತಡೆಯುವ ರಿಲೇಯೊಂದು ಬೇರೆ ಇದೆ.

ಐದನೆಯದಾಗಿ ಫಲದ ಪರಿಶೀಲನೆ. ಸ್ವಿಚ್ಚಿನ ಸ್ಥಿತಿಯನ್ನು ತಿಳಿಯಲು ಒಂದು ಸಂಪರ್ಕವು ಸಾಲದು. ತಂತಿಯು ಕಡಿದುಹೋದರೂ 'ತೆರೆದಿದೆ' ಎಂಬ ಸುಳ್ಳು ಸುದ್ದಿ ಬರಬಹುದು. ಆದುದರಿಂದ 'ತೆರೆದಿದೆ' ಎಂದು ಹೇಳಲು ಒಂದು, 'ಮುಚ್ಚಿದೆ' ಎಂದು ಹೇಳಲು ಮತ್ತೊಂದು, ಹೀಗೆ ಎರಡು ಸಂಪರ್ಕಗಳಿವೆ. ಎರಡೂ ಮೌನವಾಗಿದ್ದರೆ ಸ್ವಿಚ್ಚು ನಡುದಾರಿಯಲ್ಲಿದೆ. ಎರಡೂ ಮಾತನಾಡಿದರೆ ಏನೋ ಕೆಟ್ಟಿದೆ. ಈ ಎರಡು ಸಂದರ್ಭಗಳಲ್ಲಿಯೂ ಇಂಟರ್‌ಲಾಕು ಅನುಮತಿಯನ್ನು ನಿರಾಕರಿಸಬೇಕು. ತಿಳಿಯದಿರುವುದನ್ನು ಸುರಕ್ಷಿತವೆಂದು ಎಣಿಸಬಾರದೆಂಬುದು ಇಡೀ ಪದ್ಧತಿಯ ಮೂಲಸೂತ್ರ.

ಹೇಳುವುದು, ತಿರುಗಿ ಹೇಳುವುದು, ಒಪ್ಪುವುದು, ಮಾಡುವುದು, ಮಾಡಿದೆನೆಂದು ತಿಳಿಸುವುದು: ಲಾಗ್ ಪುಸ್ತಕದ ಕಾಲದ ಐದು ಹೆಜ್ಜೆಗಳೇ ಇಲ್ಲಿ ಸೆಕೆಂಡುಗಳ ಅಳತೆಯಲ್ಲಿ ನಡೆದುಹೋಗುತ್ತವೆ. ಒಂದು ವಿನಾಯಿತಿಯನ್ನು ಮಾತ್ರ ಗಮನಿಸಬೇಕು. ಮಾರ್ಗದಲ್ಲಿ ದೋಷವುಂಟಾದಾಗ ರಕ್ಷಣಾ ರಿಲೇಯು ಆಯ್ಕೆ, ಅನುಮತಿ ಯಾವುದನ್ನೂ ಕೇಳದೆ ಬ್ರೇಕರನ್ನು ತೆರೆಯುತ್ತದೆ. ಮುಚ್ಚಲು ಹತ್ತು ಒಪ್ಪಿಗೆಗಳು ಬೇಕು. ಆಪತ್ತಿನಲ್ಲಿ ತೆರೆಯಲು ಒಂದೂ ಬೇಡ. ಈ ಅಸಮತೆಯು ಉದ್ದೇಶಪೂರ್ವಕವಾದುದು.

೭

ಇಷ್ಟು ತಡೆಗಳಿರುವಾಗ ಅಪಾಯವೆಲ್ಲಿಂದ ಬರುತ್ತದೆ? ಈ ಪ್ರಶ್ನೆಗೆ ಇತ್ತೀಚಿನ ಚರಿತ್ರೆಯು ಒಂದು ಕಠಿನವಾದ ಉತ್ತರವನ್ನು ಕೊಟ್ಟಿದೆ. ೨೦೧೫ರ ಡಿಸೆಂಬರ್ ೨೩ರಂದು ಯುಕ್ರೇನ್ ದೇಶದ ಮೂರು ವಿತರಣಾ ಸಂಸ್ಥೆಗಳ ಗಣಕಜಾಲದೊಳಕ್ಕೆ ನುಸುಳಿದ ದಾಳಿಕಾರರು ಬ್ರೇಕರುಗಳನ್ನು ಒಂದೊಂದಾಗಿ ತೆರೆದರು. ಸುಮಾರು ೨,೨೫,೦೦೦ ಗ್ರಾಹಕರು ಕತ್ತಲೆಯಲ್ಲಿ ಮುಳುಗಿದರು. ದಾಳಿಕಾರರು ಅಧಿಕೃತ ಆಪರೇಟರರ ಗುರುತನ್ನೇ ಕದ್ದು, ಅವರ ಪರದೆಯ ಮೂಲಕವೇ ಆಜ್ಞೆಗಳನ್ನು ಕೊಟ್ಟಿದ್ದರು. ಆಜ್ಞೆಯು ನಿಯಮಬದ್ಧವಾಗಿದೆಯೆ ಎಂಬುದನ್ನು ಯಂತ್ರವು ನೋಡಿತು. ಕೊಟ್ಟವನು ಯಾರೆಂಬುದನ್ನು ಅದು ಅರಿಯದಾಯಿತು. ಕೊನೆಗೆ ನೌಕರರು ಉಪಕೇಂದ್ರಗಳಿಗೆ ಹೋಗಿ ಕೈಯಿಂದ ಬ್ರೇಕರುಗಳನ್ನು ಮುಚ್ಚಿ ಕೆಲವು ಗಂಟೆಗಳಲ್ಲಿ ವಿದ್ಯುತ್ತನ್ನು ಮರಳಿಸಿದರು. ಇಂಟರ್‌ಲಾಕು ಪ್ರಮಾದಕ್ಕೆ ಮದ್ದು. ದುರುದ್ದೇಶಕ್ಕೆ ಮದ್ದಲ್ಲ ಎಂಬ ಭೇದವು ಇದರಿಂದ ಸ್ಪಷ್ಟವಾಯಿತು. ನಮ್ಮ ದೇಶದಲ್ಲಿಯೂ ೨೦೧೫ರಲ್ಲಿ ಹರಿಯಾಣದ ಮಾನೇಸರದಲ್ಲಿ ಪವರ್ ಗ್ರಿಡ್ ಸಂಸ್ಥೆಯ ರಾಷ್ಟ್ರೀಯ ಕೇಂದ್ರವೊಂದು ಆರಂಭವಾಗಿ, ದೇಶದ ನಾನಾ ಭಾಗಗಳಲ್ಲಿರುವ ಅದರ ಉಪಕೇಂದ್ರಗಳನ್ನು ದೂರದಿಂದ ಚಲಾಯಿಸುವ ವ್ಯವಸ್ಥೆ ಬೆಳೆದಿದೆ. ೨೦೨೧ರಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರವು ವಿದ್ಯುತ್ ಕ್ಷೇತ್ರದ ಸೈಬರ್ ಭದ್ರತೆಗೆ ಮಾರ್ಗಸೂಚಿಗಳನ್ನು ಹೊರಡಿಸಿದುದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು.

ಆದರೆ ಹಳ್ಳಿಯ ದೃಷ್ಟಿಯಿಂದ ಇದಕ್ಕಿಂತಲೂ ಸಮೀಪದ ಮಿತಿಯೊಂದಿದೆ. ಗಣಕದ ಜ್ಞಾನವು ಉಪಕೇಂದ್ರದ ಬೇಲಿಯೊಳಗೆ ಮುಗಿಯುತ್ತದೆ. ತನ್ನ ಬ್ರೇಕರು ತೆರೆದಿದೆಯೆಂಬುದು ಅದಕ್ಕೆ ಗೊತ್ತು. ಆದರೆ ಅಲ್ಲಿಂದ ಹೊರಟು ಹೊಲಗಳ ಮೇಲೆ ಹಾದು ಹೂಲಿಯಂಥ ಊರಿಗೆ ಹೋಗುವ ೧೧ ಕಿಲೋವೋಲ್ಟಿನ ಫೀಡರ್ ತಂತಿಯ ಮೇಲೆ ಏನು ನಡೆದಿದೆಯೆಂಬುದು ಗೊತ್ತಿಲ್ಲ. ಯಾವನೋ ಒಬ್ಬನು ತನ್ನ ಜನರೇಟರನ್ನು ಸರಿಯಾದ ಬದಲಾವಣಾ ಸ್ವಿಚ್ಚಿಲ್ಲದೆ ಮನೆಯ ತಂತಿಗೆ ಕೂಡಿಸಿದ್ದರೆ, ಆ ವಿದ್ಯುತ್ತು ಊರಿನ ಟಿ.ಸಿ.ಯ ಮೂಲಕ ಹಿಮ್ಮುಖವಾಗಿ ಏರಿ ಸತ್ತ ತಂತಿಯನ್ನು ಎಬ್ಬಿಸಬಲ್ಲುದು. ನೆರೆಯ ಫೀಡರಿನ ತಂತಿಯು ಹರಿದು ಇದರ ಮೇಲೆ ಬೀಳಬಹುದು. ಒಂದು ಫೀಡರಿಗೆ ಎಲ್.ಸಿ. ಪಡೆದವನು ಅದೇ ದಾರಿಯಲ್ಲಿ ಸಾಗುವ ಮತ್ತೊಂದು ಫೀಡರಿನ ಕಂಬವನ್ನು ಏರಬಹುದು. ಒಂದೇ ಮಾರ್ಗದ ಮೇಲೆ ಎರಡು ತಂಡಗಳು ಕೆಲಸ ಮಾಡುತ್ತಿರುವಾಗ ಒಂದು ತಂಡವು ಇಳಿದು ಎಲ್.ಸಿ.ಯನ್ನು ಮರಳಿಸಿದರೆ ಇನ್ನೊಂದು ತಂಡದ ಗತಿಯೇನು? ಈ ಯಾವ ಸಂದರ್ಭದಲ್ಲಿಯೂ ಉಪಕೇಂದ್ರದ ಇಂಟರ್‌ಲಾಕು ತಪ್ಪು ಮಾಡಿರುವುದಿಲ್ಲ. ಅದು ಸಲಕರಣೆಗಳನ್ನು ಬಲ್ಲುದು, ಮನುಷ್ಯನನ್ನು ಅರಿಯದು.

ಆದುದರಿಂದಲೇ ವಿದ್ಯುತ್ ಸುರಕ್ಷತೆಯ ನಿಯಮಗಳು ೧೯೧೦ರ ಕಾಯಿದೆಯ ಕಾಲದಿಂದ ೧೯೫೬ರ ನಿಯಮಾವಳಿ, ೨೦೦೩ರ ಕಾಯಿದೆ, ೨೦೧೦ರ ಮತ್ತು ೨೦೨೩ರ ವಿನಿಯಮಗಳವರೆಗೆ ಬೆಳೆದು ಬಂದಿದ್ದರೂ, ಮಾರ್ಗದಾಳಿನ ರಕ್ಷಣೆಯು ಇಂದಿಗೂ ಕೆಲವೇ ಹಳೆಯ ಆಚರಣೆಗಳ ಮೇಲೆ ನಿಂತಿದೆ. ಬರವಣಿಗೆಯಲ್ಲಿ ಎಲ್.ಸಿ. ಪಡೆಯುವುದು, ಕಣ್ಣಿಗೆ ಕಾಣುವ ಅಂತರವನ್ನು ಸ್ವತಃ ನೋಡುವುದು, ವಿದ್ಯುತ್ತಿಲ್ಲವೆಂಬುದನ್ನು ಪರೀಕ್ಷಿಸುವುದು, ಕೆಲಸದ ಜಾಗದ ಎರಡು ಕಡೆಗಳಲ್ಲಿಯೂ ಅರ್ಥಿಂಗ್ ರಾಡು ಹಾಕುವುದು, ಎಲ್ಲರೂ ಕೆಳಗಿಳಿದುದನ್ನು ಎಣಿಸಿದ ಮೇಲೆ, ಪಡೆದವನೇ ಎಲ್.ಸಿ.ಯನ್ನು ಮರಳಿಸುವುದು. ಈ ಆಚರಣೆಗಳಿಗೆ ಗಣಕವು ನೆರವಾಗಬಹುದು. ಎಲ್.ಸಿ. ಜಾರಿಯಲ್ಲಿರುವ ಮಾರ್ಗಕ್ಕೆ ಪರದೆಯ ಮೇಲೆ ತಡೆಚೀಟಿಯನ್ನು ಹಚ್ಚಿ, ಅದು ಇರುವವರೆಗೆ ಮುಚ್ಚುವ ಆಜ್ಞೆಯನ್ನು ತಿರಸ್ಕರಿಸಬಹುದು. ಆದರೆ ಆ ಚೀಟಿಯನ್ನು ಹಚ್ಚುವವನೂ ತೆಗೆಯುವವನೂ ಮನುಷ್ಯನೇ.

೮

ಮೇಲಿನ ವಿವೇಚನೆಯಿಂದ ಎರಡು ನಿರ್ಣಯಗಳಿಗೆ ಬರಬಹುದು. ಮೊದಲನೆಯದು, ಉಪಕೇಂದ್ರದ ಗಣಕವು ಹೊಸ ವಿವೇಕವನ್ನು ಸೃಷ್ಟಿಸಿಲ್ಲ. ರೈಲ್ವೆಯ ಸನ್ನೆ, ಬೀಗದ ಕೀಲಿ, ಟೆಲಿಫೋನಿನ ಮರುನುಡಿ ಇವುಗಳಲ್ಲಿ ಸಂಚಿತವಾಗಿದ್ದ ಅನುಭವವನ್ನು ಅದು ಬೇಗದಿಂದಲೂ ಬೇಸರವಿಲ್ಲದೆಯೂ ನಡೆಸಿಕೊಡುತ್ತದೆ. ಆ ಅನುಭವದ ಬಹುಭಾಗಕ್ಕೆ ಯಾರದೋ ಪ್ರಾಣವು ಬೆಲೆಯಾಗಿ ತೆರಲ್ಪಟ್ಟಿದೆ. ಎರಡನೆಯದು, ಯಂತ್ರದ ತಡೆಗಳು ಹೆಚ್ಚಿದಷ್ಟೂ ಅವುಗಳ ಎಲ್ಲೆಯ ಅರಿವು ಹೆಚ್ಚು ಅವಶ್ಯವಾಗುತ್ತದೆ. ಪರದೆಯ ಮೇಲೆ 'ತೆರೆದಿದೆ' ಎಂಬ ಗುರುತನ್ನು ಕಂಡವನು, ಕಂಬದ ಮೇಲಿನ ತಂತಿಯೂ ಸತ್ತಿದೆಯೆಂದು ಊಹಿಸಿದರೆ, ನೂರೈವತ್ತು ವರ್ಷಗಳ ಎಚ್ಚರಿಕೆಯೆಲ್ಲ ಆ ಒಂದು ಊಹೆಯಲ್ಲಿ ವ್ಯರ್ಥವಾಗುವುದು.

ಇತಿಹಾಸದ ವಿದ್ಯಾರ್ಥಿಗಳಿಗೆ ಇಲ್ಲೊಂದು ಕೆಲಸವೂ ಕಾದಿದೆ. ಈಗ ಸ್ವಿಚ್ಚಿನ ಪ್ರತಿಯೊಂದು ಚಲನೆಯನ್ನೂ ಗಣಕವು ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಸೂಕ್ಷ್ಮವಾಗಿ ದಾಖಲಿಸುವುದರಿಂದ ಕೈಬರಹದ ಲಾಗ್ ಪುಸ್ತಕಗಳು ಮೂಲೆ ಸೇರುತ್ತಿವೆ. ಯಾವ ರಾತ್ರಿ, ಯಾವ ಗಾಳಿಮಳೆಯಲ್ಲಿ, ಯಾರ ಮಾತಿನ ಮೇಲೆ ಯಾವ ಮಾರ್ಗವನ್ನು ಬಿಡಲಾಯಿತೆಂಬುದು ಅವುಗಳಲ್ಲಿದೆ. ಪುಸ್ತಕದಲ್ಲಿ ಬರೆಯದೆ ಆಪರೇಟರರ ರೂಢಿಯಲ್ಲಿ ಮಾತ್ರ ಉಳಿದಿದ್ದ ಎಷ್ಟೋ ತಡೆಗಳು ಅವರ ನಿವೃತ್ತಿಯೊಡನೆ ಮರೆಯಾಗುತ್ತವೆ. ಬರೆದಿಡದ ತಡೆಯನ್ನು ಗಣಕಕ್ಕೆ ಕಲಿಸುವುದಾದರೂ ಹೇಗೆ? ನಮ್ಮ ಜಿಲ್ಲೆಗಳ ಕಾಲೇಜುಗಳು ಶಾಸನಗಳ ಪ್ರತಿಗಳನ್ನು ಸಂಗ್ರಹಿಸುವ ಶ್ರದ್ಧೆಯಿಂದಲೇ ಹಳೆಯ ಲಾಗ್ ಪುಸ್ತಕಗಳನ್ನೂ ಎಲ್.ಸಿ. ಪುಸ್ತಕಗಳನ್ನೂ, ನಿವೃತ್ತರಾದ ಮಾರ್ಗದಾಳುಗಳ ಹಾಗೂ ಆಪರೇಟರರ ಹೇಳಿಕೆಗಳನ್ನೂ ಸಂಗ್ರಹಿಸಿಡುವುದು ಯುಕ್ತವಾಗಿದೆ. ಪೂಲಿಯ ಮಹಾಜನರ ವ್ಯವಹಾರಗಳು ಕಲ್ಲಿನ ಮೇಲೆ ಬರೆದುದರಿಂದ ನಮಗೆ ತಿಳಿದುಬಂದಿವೆ. ಹೂಲಿಗೆ ಬೆಳಕು ತಂದವರ ವ್ಯವಹಾರಗಳು ಕಾಗದದ ಮೇಲಿವೆ, ಮತ್ತು ಕಾಗದವು ಕಲ್ಲಿನಷ್ಟು ಕಾಲ ಬಾಳುವುದಿಲ್ಲ.